ಅಕ್ಕನಿಗೊಂದು ಬಾಗಿಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ನಾಲ್ಕು ಲೋಟ ನೀರು. ಅದೂ ನಲ್ಲಿಯ ನೀರು, ತಣ್ಣಗಿನದು, ತಮ್ಮನೊಬ್ಬ ಪ್ರೀತಿಯಿಂದ ಹಿಡಿದುಕೊಟ್ಟದ್ದು.

ತಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಜರಿ ಬರೆಯುವ ಕೆಲಸ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಎಷ್ಟು ನಿಮಿಷ ಎದ್ದು ಹೋದರು ಎಂಬುದನ್ನೆಲ್ಲ ಬರೆದಿಡುತ್ತಿದ್ದುದರಿಂದ ಅವನಿಗೆ ಗಡಿಯಾರ ಎಂಬ ಹೆಸರು ಬಿದ್ದಿತ್ತು. ಗೋಡೆಯ ಗಡಿಯಾರದ ಹಾಗೆಯೇ ಅವನನ್ನೂ ಎಲ್ಲರೂ ನೋಡುತ್ತಿದ್ದರು, ಯಾರೂ ಮಾತಾಡಿಸುತ್ತಿರಲಿಲ್ಲ.

ಹಿಂದಿನ ದಿನ ಅವನು ಅಕ್ಕನನ್ನು ಡಾಕ್ಟರಿಗೆ ತೋರಿಸಿದ್ದ. ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, "ಒಂದು ಕಿಡ್ನಿ ಒಣಗಿದ ಅವರೆಕಾಳಿನ ಹಾಗಾಗಿದೆ. ಇನ್ನೊಂದು ಅದೇ ದಾರಿ ಹಿಡಿದಿದೆ. ಚೆನ್ನಾಗಿ ನೀರು ಕುಡೀಬೇಕು, ತಡ್ಕೋಬಾರ್ದು. ಇವೆರಡೇ ಮದ್ದು," ಎಂದಿದ್ದರು. ಅಕ್ಕ ಹನ್ನೆರಡು ವರ್ಷದಿಂದ ಇದರ ತದ್ವಿರುದ್ಧ ನಡೆದುಕೊಂಡು ಬಂದಿದ್ದಳು. ನೀರು ಕುಡಿಯುತ್ತಿರಲಿಲ್ಲ, ತಡೆದುಕೊಳ್ಳುತ್ತಿದ್ದಳು.

ಅದಕ್ಕೇ ಗಡಿಯಾರ ಬೆಳಿಗ್ಗೆ ಆರು ಗಂಟೆಗೆ ಗೇಟಿನೊಳಗೆ ಕಾಲಿಟ್ಟವನೇ ನಲ್ಲಿಯ ಮುಂದೆ ಅಕ್ಕನನ್ನು ನಿಲ್ಲಿಸಿದ.

"ಬೇಡ ಕಣೋ."

"ಕುಡಿ."

"ಆಮೇಲೆ ಎಲ್ಲಿಗೋ ಹೋಗ್ಲಿ ನಾನು?"

"ಅದು ನನಗೆ ಬಿಡು. ಇವತ್ತು ಸಂಜೆಯೊಳಗೆ ನಿನಗೊಂದು ಬಾಗಿಲು ತೆಗೆಸದಿದ್ರೆ ನಾನು ನಿನ್ನ ತಮ್ಮನೇ ಅಲ್ಲ."

ಅವಳು ನಾಲ್ಕು ಲೋಟ ಕುಡಿದಳು. ಗೇಟಿಗೆ ಬೀಗ ಬಿತ್ತು. ಅದು ಇನ್ನು ತೆರೆಯುವುದು ಸಂಜೆ ಆರಕ್ಕೆ.

ಆ ಲಾಂಡ್ರಿಗೆ ಎರಡು ಬದಿ. ರಕ್ತ, ಕೀವು, ವಾಂತಿ ಮೆತ್ತಿದ ಬಟ್ಟೆ ಬಂದು ಬೀಳುವುದು ಕೊಳೆ ಬದಿ. ಒಗೆದು ಒಣಗಿದ್ದು ಇಸ್ತ್ರಿಯಾಗುವುದು ಬಿಳಿ ಬದಿ. ನಡುವೆ ಗೋಡೆ, ಗೋಡೆಯಲ್ಲೊಂದು ಬಾಗಿಲು, ಬಾಗಿಲ ಪಕ್ಕದಲ್ಲಿ ಗಡಿಯಾರನ ಮೇಜು. ಕೊಳೆ ಬದಿಯಲ್ಲಿ ಕೆಳಬೀದಿಯವರು, ಬಿಳಿ ಬದಿಯಲ್ಲಿ ಮೇಲುಬೀದಿಯವರು. ರೋಗ ಹರಡಬಾರದೆಂದು ಬಟ್ಟೆಗೆ ಮಾಡಿದ ನಿಯಮ ಯಾವಾಗ ಮನುಷ್ಯರ ಮೈಗೆ ಅಂಟಿತೋ ಯಾರಿಗೂ ನೆನಪಿಲ್ಲ. ಬಟ್ಟೆಯಾದರೂ ಒಗೆದ ಮೇಲೆ ಆಚೆ ಬದಿಗೆ ಹೋಗುತ್ತಿತ್ತು. ಮನುಷ್ಯರು ಎಷ್ಟು ಒಗೆದುಕೊಂಡರೂ ಹೋಗುವಂತಿರಲಿಲ್ಲ.

ಕೊಳೆ ಬದಿಯಲ್ಲಿ ಒಂದು ಕಕ್ಕಸು ಇತ್ತು, ಗಂಡಸರದ್ದು. ಇಪ್ಪತ್ತು ವರ್ಷದ ಹಿಂದೆ ಕೆಳಬೀದಿಯವರು ನಲವತ್ತು ದಿನ ಮೆಟ್ಟಿಲ ಮೇಲೆ ಧರಣಿ ಕೂತು ಗಳಿಸಿದ್ದು. ಬಿಳಿ ಬದಿಯಲ್ಲೊಂದು ಹೆಂಗಸರದ್ದು. ಹತ್ತು ವರ್ಷದ ಹಿಂದೆ ಹೆಂಗಸರು ಅದೇ ಮೆಟ್ಟಿಲ ಮೇಲೆ ಅದೇ ಥರ ಕೂತು ಗಳಿಸಿದ್ದು. ಅಕ್ಕ ಕೆಳಬೀದಿಯ ಹೆಂಗಸು. ಗಂಡ ಸತ್ತ ಮೇಲೆ ಅವನ ಜಾಗದಲ್ಲಿ ಕೊಳೆ ಬಟ್ಟೆ ವಿಂಗಡಿಸಲು ಸೇರಿದವಳು. ಆ ಬದಿಯಲ್ಲಿ ಹನ್ನೊಂದು ಗಂಡಸರು, ಇವಳೊಬ್ಬಳೇ ಹೆಂಗಸು. ಒಂದು ಕಕ್ಕಸಿಗೆ ಅವಳು ಹೆಂಗಸಾಗಿದ್ದು ಅಡ್ಡಿ. ಇನ್ನೊಂದಕ್ಕೆ ಕೆಳಬೀದಿಯವಳಾಗಿದ್ದು ಅಡ್ಡಿ. ಹೊರಗೆ ಬಯಲಿತ್ತು, ನಿಜ. ಆಸ್ಪತ್ರೆಯ ಮುನ್ನೂರು ಕಿಟಕಿಗಳ ಕೆಳಗಿನ ಬಯಲು.

ಎರಡೂ ಧರಣಿಯಲ್ಲಿ ಅವಳು ಇದ್ದಳು, ಮೊದಲನೆಯದರಲ್ಲಿ ಗಂಡನ ಜೊತೆ, ಎರಡನೆಯದರಲ್ಲಿ ತಾನೇ. ಕೆಳಬೀದಿಯವರ ಹಕ್ಕು ಸಮಿತಿಯ ಗೋಡೆಯ ಮೇಲೊಂದು, ಮಹಿಳಾ ಸಂಘದ ಗೋಡೆಯ ಮೇಲೊಂದು ಫೋಟೋ ತೂಗುತ್ತಿದ್ದವು. ಎರಡರ ಅಂಚಿನಲ್ಲೂ ಕಾಣುವ ಮೊಣಕೈ ಅಕ್ಕನದು.

ಅವತ್ತು ಮೂರು ಗಂಟೆಗೆ ಕಾರ್ಮಿಕ ಇಲಾಖೆಯ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ಸಂಘವೂ ಸಮಿತಿಯೂ ಮನವಿ ಸಿದ್ಧಪಡಿಸಿದ್ದವು. ಯಾವುದಾದರೊಂದರಲ್ಲಿ ಅಕ್ಕನದು ಒಂದು ಸಾಲು ಸೇರಿಸಿದರೆ ಸಾಕು ಎಂದು ಗಡಿಯಾರನ ಲೆಕ್ಕಾಚಾರ.

ಒಂಬತ್ತಕ್ಕೆ ಅವನು ಮಹಿಳಾ ಸಂಘದ ಅಧ್ಯಕ್ಷೆಯ ಹತ್ತಿರ ಹೋದ. ಇಸ್ತ್ರಿ ವಿಭಾಗದ ಮುಖ್ಯಸ್ಥೆ. ಮಾತಿನಲ್ಲೂ ಸುಕ್ಕು ಉಳಿಸದ ಹೆಂಗಸು. ಅವನು ಹೊಸ್ತಿಲಾಚೆಯೇ ನಿಂತು ಎಲ್ಲ ಹೇಳಿದ.

"ಅಯ್ಯೋ ಪಾಪ," ಎಂದರು ಅಧ್ಯಕ್ಷೆ. ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ಆದ್ರೆ ಇದು ಹೆಂಗಸರ ಪ್ರಶ್ನೆ ಅಲ್ವಲ್ಲಪ್ಪ?"

"ನಮ್ಮಕ್ಕ ಹೆಂಗಸೇ, ಮೇಡಂ."

"ಹೌದಪ್ಪ, ಯಾರು ಇಲ್ಲ ಅಂದ್ರು? ಆದ್ರೆ ಅವಳನ್ನ ತಡೀತಿರೋದು ಗಂಡಸರಲ್ಲ, ಬದಿ. ಹೆಂಗಸರೂ ಮೆಶಿನ್ ಮೇಸ್ತ್ರಿ ಆಗ್ಬೇಕು ಅಂತ ಕೇಳ್ತಿದೀವಿ ಇವತ್ತು. ಇದರ ಜೊತೆ ಬದಿಯ ವಿಷಯ ಬೆರೆಸಿದ್ರೆ ನಮ್ಮಲ್ಲೇ ಅರ್ಧ ಜನ ಸಹಿ ಹಾಕಲ್ಲ. ಮೊದಲು ಹೆಂಗಸ್ರು ಅಂತ ಒಟ್ಟಾಗೋಣ. ಬದಿ, ಬೀದಿ ಎಲ್ಲ ಆಮೇಲೆ. ನೀನು ಸಮಿತಿಯವರನ್ನ ಕೇಳು."

ಸಮಿತಿ ಎಂದರೆ ಬಾಯ್ಲರ್ ಮಾವ. ಬಾಯ್ಲರಿನ ಮುಂದೆ ಮೂವತ್ತು ವರ್ಷ ನಿಂತು ಅವನ ಮೈಬಣ್ಣ, ಸ್ವಭಾವ ಎರಡೂ ಅದರದ್ದೇ ಆಗಿದ್ದವು.

"ಅಳಿಯಾ, ನಿನಗೆ ತಲೆ ಇದೆಯೇನೋ?" ಎಂದ ಮಾವ. "ಕೊಳೆ ಬದಿಯವ್ರಿಗೂ ಇಸ್ತ್ರಿ ಕೆಲಸ ಕೊಡಿ ಅಂತ ಕೇಳೋ ದಿನ, ಕಕ್ಕಸಿನ ಮಾತೆತ್ತಬೇಕಾ?"

"ಗಂಡಸರ ಕಕ್ಕಸಿನಲ್ಲಿ ಎರಡು ಕೋಣೆ ಇದೆ ಮಾವ. ಒಂದಕ್ಕೆ ಚಿಲಕ ಹಾಕಿ ಅಕ್ಕನಿಗೆ ಬಿಟ್ರೆ..."

"ಗಂಡಸರ ಮಧ್ಯೆ ನಮ್ಮ ಮನೆ ಹೆಣ್ಣುಮಗಳು? ಆಚೆ ಬದಿಯವರು ಏನಂತಾರೆ? ಇವರಿಗೆ ಮಾನ ಮರ್ಯಾದೆ ಇಲ್ಲ, ಅದಕ್ಕೇ ಇಲ್ಲಿಟ್ಟಿದೀವಿ ಅಂತಾರೆ. ಅವಳ ಮರ್ಯಾದೆ ಅಂದ್ರೆ ನಮ್ಮ ಜನರ ಮರ್ಯಾದೆ ಕಣೋ. ಮೊದಲು ಜನಕ್ಕೆ ಹಕ್ಕು ಬರ್ಲಿ, ಆಮೇಲೆ ಹೆಂಗಸರಿಗೆ ತಾನಾಗೇ ಬರುತ್ತೆ."

"ಅಷ್ಟು ಹೊತ್ತು ತಡ್ಕೊಳೋಕಾಗಲ್ಲ ಮಾವ, ನಾಲ್ಕು ಲೋಟ ಕುಡಿದಿದಾಳೆ."

ಹನ್ನೊಂದು ಗಂಟೆಗೆ ಅಕ್ಕ ಒಂದು ಕಾಲಿನ ಮೇಲೆ ಇನ್ನೊಂದನ್ನು ಹೆಣೆದು ನಿಂತು, ಹಾಸಿಗೆ ಬಟ್ಟೆಗಳನ್ನು ಎಣಿಸುತ್ತಿದ್ದಳು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮೂಲೆಯಲ್ಲಿ ಕೊಳೆ ಬಟ್ಟೆಯ ರಾಶಿ ಗುಡ್ಡದ ಹಾಗೆ ಏರಿತ್ತು.

"ನೀನು ನಿನ್ನ ಮೇಜಿಗೆ ಹೋಗು ಮಾರಾಯ," ಎಂದಳು. "ನನ್ನ ಪಾಡಿಗೆ ನನ್ನ ಬಿಡು."

ಎಂಥ ತ್ಯಾಗಮಯಿ ಎಂದುಕೊಂಡ ಗಡಿಯಾರ. ಇಬ್ಬರು ಮುಖಂಡರನ್ನೂ ಇಲ್ಲಿಗೇ ಕರೆತಂದು, ಇವಳ ಮುಖ ತೋರಿಸಿ, ಎದುರುಬದುರು ಮಾತಾಡಿಸಿಬಿಡಬೇಕು ಎಂದು ಆಗಲೇ ತೀರ್ಮಾನಿಸಿದ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ಅವನು ಒಂದಲ್ಲ, ಎರಡು ಮಾರಿಯನ್ನು ಕರೆದ.

ಮಧ್ಯಾಹ್ನ ಹನ್ನೆರಡೂವರೆ. ಕೊಳೆ ಬದಿಯ ಗಂಡಸರೆಲ್ಲ ಊಟಕ್ಕೆಂದು ಎದ್ದ ಹೊತ್ತು. ರಾಶಿಯ ಹಿಂದೆ ಹೋಗಿದ್ದ ಅಕ್ಕನನ್ನು ಗಡಿಯಾರ ಕೂಗಿ ಈಚೆಗೆ ಕರೆದ. ಅಧ್ಯಕ್ಷೆ ಮೂಗಿಗೆ ಕರವಸ್ತ್ರ ಹಿಡಿದು, ನಾಲ್ಕು ಜನ ಸಂಘದವರೊಂದಿಗೆ ಮೊದಲ ಸಲ ನಡುಬಾಗಿಲು ದಾಟಿ ಬಂದರು. ಅವರನ್ನು ಕಂಡು ಊಟಕ್ಕೆ ಹೊರಟಿದ್ದ ಗಂಡಸರೂ ಮಾವನ ಹಿಂದೆ ಬಂದು ನಿಂತರು. ಅಕ್ಕ ನಡುವೆ ನಿಂತು, ತುಟಿ ಕಚ್ಚಿಕೊಂಡು, ತಮ್ಮನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

"ನೋಡಿ ಇವಳನ್ನ," ಎಂದ ಗಡಿಯಾರ. ಯಾರೂ ನೋಡಲಿಲ್ಲ.

"ಕೂತು ಗೆಲ್ಲೋದನ್ನ ನಿಮಗೆ ಕಲಿಸಿದ್ದು ನಾವು," ಎಂದು ಮಾವ ಶುರುಮಾಡಿದ. "ಅದೇ ಮೆಟ್ಟಿಲು, ಅದೇ ಘೋಷಣೆ. 'ಜನ' ಅನ್ನೋ ಕಡೆ 'ಹೆಂಗಸರು' ಅಂತ ತುರುಕಿದ್ರಿ, ಅಷ್ಟೇ. ಗೆದ್ದ ಮೇಲೆ ನಮ್ಮ ಮುಖಕ್ಕೇ ಬಾಗಿಲು!"

"ನೀವು ನಲವತ್ತು ದಿನ ಕೂತಿದ್ರಲ್ಲ," ಎಂದರು ಅಧ್ಯಕ್ಷೆ, "ಬೇಯಿಸಿ ಹಾಕಿದ್ದು ಯಾರು? ನಿಮ್ಮ ಹೆಂಡಂದಿರು, ಅಕ್ಕತಂಗಿಯರು. ಒಬ್ಬಳಿಗಾದ್ರೂ ಮೈಕ್ ಕೊಟ್ರಾ?"

"ಇದ್ದಿದ್ದೇ ಒಂದು ಮೈಕ್ ಕಣಮ್ಮ."

"ಅದು ನಲವತ್ತು ದಿನವೂ ನಿಮ್ಮ ಕೈಯಲ್ಲೇ ಇತ್ತು!"

"ನಿಮ್ಮ ಸಂಘದಲ್ಲಿ ನಮ್ಮ ಬದಿಯ ಹೆಂಗಸು ಎಷ್ಟು ಜನ, ಹೇಳಿ."

"ಯಾರು ಬೇಕಾದ್ರೂ ಸೇರಬಹುದು. ನಮ್ಮ ಬಾಗಿಲು ಸದಾ ತೆರೆದಿದೆ."

"ಆ ಬಾಗಿಲು ಬಿಳಿ ಬದಿಯಲ್ಲಿದೆಯಲ್ಲಮ್ಮ!"

ಮಾತಿಗೆ ಮಾತು ಬೆಳೆಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೆಣ್ಣಿನ ಹೋರಾಟ ಜನರ ಹೋರಾಟದ ಮಗಳೋ ಸವತಿಯೋ ಎಂಬಲ್ಲಿಗೆ ಬಂದಾಗ ಎರಡು ಗಂಟೆಯಾಗಿತ್ತು. ಯಾರ ತಾತ ಯಾರ ಅಜ್ಜಿಯ ಮೆರವಣಿಗೆಗೆ ಬರಲಿಲ್ಲ, ಯಾರ ಅಜ್ಜಿ ಯಾರ ತಾತನ ಕೈಯ ನೀರು ಮುಟ್ಟಲಿಲ್ಲ ಎಂಬುದೆಲ್ಲ ಹೊರಬಿತ್ತು. ಮೂರು ಬಾರಿ ಅಕ್ಕ, "ಎಲ್ಲಾರೂ ಸ್ವಲ್ಪ ಆಚೆ ಹೋಗಿ ಜಗಳಾಡ್ರಪ್ಪ," ಎಂದಳು. ಮೂರು ಬಾರಿಯೂ ಗಡಿಯಾರ, "ಇಲ್ಲೇ ಇತ್ಯರ್ಥ ಆಗ್ಲಿ, ಅಕ್ಕ," ಎಂದು ಎಲ್ಲರನ್ನೂ ಹಿಡಿದು ನಿಲ್ಲಿಸಿದ.

ಅಷ್ಟರಲ್ಲಿ ಮಾವ ಆವೇಶದಲ್ಲಿ ಕೈ ಬೀಸಿದ. ಕೈ ರಾಶಿಗೆ ತಾಗಿತು. ತುದಿಯಲ್ಲಿದ್ದ ಹಾಸಿಗೆ ಬಟ್ಟೆಯೊಂದು ಜಾರಿ, ಹಿಮದಂಥ ಸೀರೆಯುಟ್ಟಿದ್ದ ಅಧ್ಯಕ್ಷೆಯ ತಲೆಯಿಂದ ಕಾಲವರೆಗೆ ಹೊದಿಕೆಯಾಗಿ ಬಿತ್ತು. ಅದು ಭೇದಿ ವಾರ್ಡಿನದು.

ಅಧ್ಯಕ್ಷೆ ಕಿರುಚಿಕೊಂಡು ನಡುಬಾಗಿಲಿಗೆ ಓಡಿದರು. ಅವರಿಗಿಂತ ಮುಂಚೆ ಓಡಿದ ಸಂಘದ ನಾಲ್ವರು ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು.

"ತೆಗೀರೇ! ನಾನು ಕಣ್ರೇ!"

"ಗೊತ್ತು ಮೇಡಂ. ಆದ್ರೆ ಕೊಳೆ ತಾಗಿದವ್ರನ್ನ ಬಿಡಬಾರ್ದು ಅಂತ ಸುತ್ತೋಲೆ ಇದೆ. ನೀವೇ ಸಹಿ ಹಾಕಿದ್ದು."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಗಡಿಯಾರನಿಗೆ ಮಾತ್ರ ಆಸೆ ಚಿಗುರಿತು. ಹತ್ತಿರ ಹೋಗಿ ಮೆಲ್ಲಗೆ, "ಈಗಾದ್ರೂ ಅರ್ಥ ಆಯ್ತಾ ಮೇಡಂ, ಅಕ್ಕನ ಕಷ್ಟ?" ಎಂದ.

"ನನ್ನದು ಬೇರೆ ವಿಷಯ," ಎಂದರು ಅಧ್ಯಕ್ಷೆ. "ನನ್ನದು ಆಕಸ್ಮಿಕ."

ಸರಿಯಾಗಿ ಮೂರಕ್ಕೆ ಅಧಿಕಾರಿ ಬಂದರು. ಗಡಿಯಾರನಿಗೆ ಕುಣಿದಾಡುವಷ್ಟು ಸಂತೋಷವಾಯಿತು. ಬಂದವರು ಹೆಂಗಸು, ಅಷ್ಟೇ ಅಲ್ಲ, ಪಕ್ಕದೂರಿನ ಕೆಳಬೀದಿಯವರು, ಮಾವನ ದೂರದ ನೆಂಟರು. ಇವರಿಗೆ ಅರ್ಥವಾಗದಿದ್ದರೆ ಇನ್ಯಾರಿಗೆ ಅರ್ಥವಾದೀತು? ಅವನು ಇಡೀ ಕತೆಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ.

ಅಧಿಕಾರಿ ಅಕ್ಕನನ್ನು ಒಮ್ಮೆ ದಿಟ್ಟಿಸಿದರು. "ನಾನೂ ಹೀಗೇ ನಿಂತವಳು," ಎಂದರು. ಆಮೇಲೆ ತಮ್ಮ ಕೈಗಡಿಯಾರ ನೋಡಿಕೊಂಡು, ಇಬ್ಬರು ಮುಖಂಡರನ್ನೂ ಕಚೇರಿ ಕೋಣೆಗೆ ಕರೆದೊಯ್ದರು. ಗಾಜಿನ ಕಿಟಕಿಯಾಚೆ ಮೂರು ಬಾಯಿಗಳು ಆಡುವುದು ಕಾಣುತ್ತಿತ್ತು. ಮೊದಲು ಇಬ್ಬರೂ ತಲೆ ಅಡ್ಡ ಆಡಿಸಿದರು. ಬಹಳ ಹೊತ್ತು ಹಾಗೇ ಆಡಿಸಿದರು. ಆಮೇಲೆ ಅಧಿಕಾರಿ ಏನೋ ಕೇಳಿದರು. ಇಬ್ಬರ ಮುಖವೂ ಒಟ್ಟಿಗೇ ಅರಳಿತು. ಹತ್ತು ವರ್ಷದಲ್ಲಿ ಮೊದಲ ಸಲ ಸಂಘವೂ ಸಮಿತಿಯೂ ಒಂದೇ ಹಾಳೆಗೆ ಸಹಿ ಹಾಕಿದವು. ಮಾವ ಅಧ್ಯಕ್ಷೆಗೆ ಪೆನ್ನು ಕೊಟ್ಟ. ಅಧ್ಯಕ್ಷೆ ಅದನ್ನು ಕರವಸ್ತ್ರದಲ್ಲಿ ಹಿಡಿದುಕೊಂಡರು.

"ಗೆದ್ವಿ ಅಳಿಯಾ!" ಎಂದು ಮಾವ ಹೊರಬಂದು ಅವನ ಬೆನ್ನು ಗುದ್ದಿದ. "ನಮ್ಮ ಹೆಣ್ಣುಮಗಳಿಗೆ ಬಿಳಿ ಬದಿಯ ಬಾಗಿಲು ತೆರೀತು!"

"ಹೆಂಗಸೊಬ್ಬಳಿಗೆ ಗಂಡಸರ ಕೋಣೆಯ ಬೀಗದಕೈ," ಎಂದರು ಅಧ್ಯಕ್ಷೆ. "ಚರಿತ್ರೆಯಲ್ಲೇ ಮೊದಲು."

ಗಡಿಯಾರ ಆದೇಶದ ಪ್ರತಿ ಕಿತ್ತುಕೊಂಡು ಅಕ್ಕನ ಹತ್ತಿರ ಓಡಿದ. ಅವಳು ಗೋಡೆ ಹಿಡಿದು ನಿಂತಿದ್ದಳು. ಕಾಲ ಬಳಿ ಯಾರೋ ಆಗಲೇ ಎರಡು ಬಕೆಟ್ಟು, ಒಂದು ಪೊರಕೆ ತಂದಿಟ್ಟಿದ್ದರು.

"ಒಂದಲ್ಲ ಅಕ್ಕ, ಎರಡು ಬಾಗಿಲು!" ಎಂದು ಅವನು ಗಟ್ಟಿಯಾಗಿ ಓದತೊಡಗಿದ. "'ಎರಡು ತಿಂಗಳಿಂದ ಖಾಲಿಯಿರುವ ಶುಚಿಗಾರರ ಹುದ್ದೆಗೆ ಸದರಿ ಮಹಿಳೆಯನ್ನು ಈ ಕ್ಷಣದಿಂದ ನೇಮಿಸಿದೆ. ಇವರಿಗೆ ಎರಡೂ ಬದಿಯ ಶೌಚಾಲಯಗಳಿಗೆ ಮುಕ್ತ ಪ್ರವೇಶವಿರುತ್ತದೆ. ಇವರು ಅವನ್ನು ತೊಳೆಯತಕ್ಕದ್ದು,'" ಎಂದು ಓದಿ, ಮುಂದಿನ ಸಾಲಿಗೆ ಬಂದಾಗ ಅವನ ದನಿ ಇಳಿಯಿತು. "'ಬಳಸತಕ್ಕದ್ದಲ್ಲ. ಒಳಗೆ ಕಳೆದ ನಿಮಿಷಗಳನ್ನು ಹಾಜರಿ ಗುಮಾಸ್ತರು ದಾಖಲಿಸತಕ್ಕದ್ದು.'"

ಅವನು ಅಧಿಕಾರಿಯ ಕಾರಿನ ಹಿಂದೆ ಗೇಟಿನವರೆಗೂ ಓಡಿದ.

"ಮೇಡಂ, ಆ ಕೊನೆ ಸಾಲು..."

ಅಧಿಕಾರಿ ಗಾಜು ಅರ್ಧ ಇಳಿಸಿದರು. "ಅದು ನಂದಲ್ಲಪ್ಪ, ಅವರಿಬ್ಬರದು. ಮಧ್ಯಾಹ್ನದಿಂದ ಕಚ್ಚಾಡಿದವರು ಇಡೀ ದಿನದಲ್ಲಿ ಒಪ್ಪಿದ್ದು ಅದೊಂದೇ ಸಾಲಿಗೆ. ಹೇಗೆ ಬೇಡ ಅನ್ಲಿ?" ಎಂದು ಕಣ್ಣು ತಪ್ಪಿಸಿದರು. ಕಾರು ದಾಟಿತು. ಗೇಟಿಗೆ ಮತ್ತೆ ಬೀಗ ಬಿತ್ತು.

ಅವನು ಕಾಲೆಳೆದುಕೊಂಡು ವಾಪಸು ಬಂದ. ಅಕ್ಕನ ಜಾಗದಲ್ಲಿ ಆಗಲೇ ಬೇರೊಬ್ಬ ಆಳು ನಿಂತು ಬಟ್ಟೆ ಎಣಿಸುತ್ತಿದ್ದ. ಅಕ್ಕ ಅವನನ್ನು ದಾಟಿ ರಾಶಿಯನ್ನೇ ನೋಡುತ್ತಿದ್ದಳು.

"ತಪ್ಪಾಯ್ತು ಅಕ್ಕ. ನಾಳೆ ಮತ್ತೆ ಅರ್ಜಿ ಬರೀತೀನಿ."

"ಬರೀಬೇಡ," ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಆ ರಾಶಿ ಹಿಂದೆ ನನಗೊಂದು ಜಾಗ ಇತ್ತು ಕಣೋ. ದಿನಾ ಮಧ್ಯಾಹ್ನ ಇವರೆಲ್ಲ ಊಟಕ್ಕೆ ಹೋದಾಗ ಹತ್ತು ನಿಮಿಷ. ಆಸ್ಪತ್ರೆ ಪೂರ್ತಿ ಒದ್ದೆ ಮಾಡಿದ ಬಟ್ಟೆಯಲ್ಲಿ ನನ್ನದೊಂದು ಯಾರಿಗೆ ಗೊತ್ತಾಗುತ್ತೆ? ಹನ್ನೆರಡು ವರ್ಷ ಅದರಲ್ಲೇ ಬದುಕಿದೆ. ಇವತ್ತು ಊಟದ ಹೊತ್ತಿಗೆ ಸರಿಯಾಗಿ ನೀನು ಊರನ್ನೆಲ್ಲ ಅಲ್ಲಿಗೇ ಕರ್ಕೊಂಡು ಬಂದೆ."

ಗಡಿಯಾರ ಕೈಯಲ್ಲಿದ್ದ ಆದೇಶವನ್ನು ಮಡಿಸಿ ಮಡಿಸಿ ಜೇಬಿಗೆ ತುರುಕಿದ.

"ಇನ್ನು ಆ ಜಾಗಕ್ಕೂ ನನ್ನ ಬಿಡಲ್ಲ," ಎಂದಳು. ಬಗ್ಗಿದರೆ ಕೆಡುತ್ತದೆ ಎಂಬಂತೆ ಬೆನ್ನು ನೆಟ್ಟಗಿಟ್ಟುಕೊಂಡೇ ಪೊರಕೆಯನ್ನೂ ಒಂದು ಬಕೆಟ್ಟನ್ನೂ ಎತ್ತಿಕೊಂಡಳು. "ಗೇಟು ತೆಗೆಯೋಕೆ ಇನ್ನೆಷ್ಟು ಹೊತ್ತಿದೆ?"

"ಒಂದೂ ಕಾಲು ಗಂಟೆ ಅಕ್ಕ."

"ಸರಿ. ಹಾಗಾದ್ರೆ ಅಲ್ಲೀವರೆಗೂ ನನ್ನ ಮಾತಾಡಿಸಬೇಡ."