ನಮ್ಮ ಮನೆಯ ಇಲಿ

ಎಣಿಸಿ ಬರೆದಿಡುವ ಚಟವಿರುವವನಿಗೆ ಒಂದು ಸೊಕ್ಕು ಇರುತ್ತದೆ: ತಾನು ಬರೆದದ್ದಷ್ಟೇ ನಡೆದದ್ದು ಎಂದು. ನನಗೂ ಇತ್ತು. ಎದ್ದ ವೇಳೆ, ಉಂಡ ರೊಟ್ಟಿ, ಅವ್ವ ಬೈದದ್ದು ಎಷ್ಟು ಸಲ, ಎಲ್ಲವೂ ನನ್ನ ದಿನಚರಿಯಲ್ಲಿ ವಾರ, ತಿಥಿಯೊಡನೆ ಸಿಗುತ್ತವೆ. ಈ ಗುಣವನ್ನು ಮೆಚ್ಚಿಯೇ, ಗೋಕಾಕಕ್ಕೆ ಪ್ಲೇಗು ಬಂದ ವರ್ಷ ತಾಲೂಕಿನ ಅಧಿಕಾರಿ ಮಾಮಲೇದಾರರು ನನ್ನನ್ನು ಸತ್ತ ಇಲಿಗಳ ಕಾರಕೂನನನ್ನಾಗಿ ಮಾಡಿದರು. ಸರಕಾರದ ಹುಕುಂ ಸರಳವಾಗಿತ್ತು. ಇಲಿ ಸತ್ತು ಬಿದ್ದ ಮನೆಯವರು ನನಗೆ ತಿಳಿಸಬೇಕು, ನಾನು ಬರೆದುಕೊಳ್ಳಬೇಕು, ಅವರು ಅಂದೇ ಮನೆ ಖಾಲಿ ಮಾಡಿ ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಬೇಕು. ಯಾರಾದರೂ ಇಲಿ ಬಚ್ಚಿಟ್ಟರೆ, "ನಿಮ್ಮ ಜೀವಾ ಉಳಿಸಾಕ ಬಂದೇನ್ರಿ" ಎಂದು ಅರ್ಧ ತಾಸು ಭಾಷಣ ಮಾಡುತ್ತಿದ್ದೆ. ಕಟ್ಟೆಯ ಮೇಲಿನವರು ನನ್ನನ್ನು ಕಂಡೊಡನೆ, "ಇಲಿ ಸಾಹೇಬ್ರು ಬಂದ್ರು, ಬಾಲಾ ಮುಚ್ಚಿಕೊಳ್ರಿ" ಎಂದು ನಗುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಆರೂಕಾಲಿಗೆ ನಮ್ಮದೇ ಅಡಿಗೆಮನೆಯ ಜೋಳದ ಚೀಲದ ಹಿಂದೆ ಒಂದು ಇಲಿ ಬಿದ್ದಿತ್ತು. ಗುರುವಾರ ನಿಡಸೋಸಿಯಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಮೂರು ಸಂಬಂಧ ತಪ್ಪಿದ್ದವು; ಇದು ನಾಲ್ಕನೆಯದು. ಮನೆಗೇ ಬೀಗ ಹಾಕಿದರೆ ಅವರಿಗೆ ತೋರಿಸುವುದೇನು? ಅಪ್ಪ, ಅವ್ವ ಯಾರನ್ನೂ ಎಬ್ಬಿಸಲಿಲ್ಲ. ಚಿಮಟಿಗೆಯಲ್ಲಿ ಇಲಿಯ ಬಾಲ ಹಿಡಿದು ಹೊರಗೆ ಬಂದವನು ಅದನ್ನು ಬಾಜೂ ಮನೆಯ ಗಂಗವ್ವನ ಬಾಗಿಲ ಮುಂದೆ ಇಟ್ಟೆ. ಒಗೆಯಲಿಲ್ಲ, ಇಟ್ಟೆ. ನಾನು ಅಷ್ಟು ಅಚ್ಚುಕಟ್ಟಿನ ಮನುಷ್ಯ.

ಏಳು ಗಂಟೆಗೆ, ಒಬ್ಬಳೇ ಇರುವ ಆ ಮುದುಕಿ ನಮ್ಮ ಮನೆಗೆ ಬಂದು, "ತಮ್ಮಾ, ನನ್ನ ಬಾಗಲದಾಗ ಇಲಿ ಬಿದ್ದೈತಿ, ಬರಕೋ" ಎಂದಳು. ಬರೆದುಕೊಂಡೆ. ಅಕ್ಷರಗಳು ಎಂದಿನಂತೆ ದುಂಡಗೆ ಬಂದವು. ಮಧ್ಯಾಹ್ನದೊಳಗೆ ಅವಳು ಎರಡು ಗಂಟು ಹೊತ್ತು, ಒಂದು ಆಡು ಹೊಡೆದುಕೊಂಡು ಹೊಲಕ್ಕೆ ನಡೆದಳು.

ಗುಡಿಸಲುಗಳಿಗೆ ಹೋಗಿ ಜ್ವರ ಬಂದವರನ್ನು ಎಣಿಸುವುದೂ ನನ್ನದೇ ಕೆಲಸ. ಬುಧವಾರ ಹೋದಾಗ ಗಂಗವ್ವನೇ ನನ್ನನ್ನು ವಿಚಾರಿಸಿದಳು: "ನಿಮ್ಮವ್ವಗ ಮೈ ಬಿಸಿ ಇಲ್ಲಲ್ಲಾ?"

"ಯಾಕ ಆಯಿ, ಹಂಗ ಕೇಳ್ತಿ?"

"ನೀ ಚಿಮಟಿಗಿ ಹಿಡಕೊಂಡು ಬಂದದ್ದು ಕಿಡಕ್ಯಾಗಿಂದ ನೋಡೇನಿ. ಹೆಣ್ಣಿನವ್ರು ಬರೂದೈತಿ ಅಂತ ಸುಮ್ಮನಾದ್ನಿ. ಆದ್ರ ಹುಚ್ಚಪ್ಪಾ, ಇಲಿ ಹೊರಗ ಇಟ್ರ ಬ್ಯಾನಿ ಹೊರಗ ಹೋಗತೈತೇನು? ನಿಮ್ಮವ್ವ ಅದ ಮನ್ಯಾಗ ಮಲಗ್ತಾಳಲ್ಲೋ!"

ಊರಿಗೆಲ್ಲ ಮಾಡಿದ ಭಾಷಣವನ್ನು ನನಗೆ ನಾನು ಒಮ್ಮೆಯೂ ಮಾಡಿಕೊಂಡಿರಲಿಲ್ಲ. ಓಡಿಹೋಗಿ ಮಾಮಲೇದಾರರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಲೇಖನಿಯನ್ನು ನನ್ನ ಕಡೆ ಸರಿಸಿದರು. ಗಂಗವ್ವನ ಹೆಸರು ಹೊಡೆದುಹಾಕಿ ನಮ್ಮಪ್ಪನ ಹೆಸರು ಬರೆದೆ. ಸಂಜೆಯೊಳಗೆ ನಮ್ಮ ಗುಡಿಸಲೂ ಎದ್ದಿತು. "ನೀ ಮನಿಗೆ ಹೋಗು ಆಯಿ" ಎಂದರೆ ಗಂಗವ್ವ, "ಇರಲಿ ಬಿಡು, ಇಲ್ಲಿ ಗಾಳಿ ಚಲೋ ಐತಿ" ಎಂದು ಅಲ್ಲೇ ಉಳಿದಳು.

ಗುರುವಾರ ಹೆಣ್ಣಿನ ತಂದೆ ನಮ್ಮ ಬಾಗಿಲಿನ ಬೀಗ ಕಂಡು, ದಾರಿ ಕೇಳುತ್ತ ಹೊಲಕ್ಕೆ ಬಂದು, ದೂರದ ಬದುವಿನ ಮೇಲೆಯೇ ನಿಂತರು. "ಮನಿ ಎಲ್ಲೈತ್ರಿ?" ಎಂದು ಕೂಗಿದರು. ಅಪ್ಪ ಗುಡಿಸಲು ತೋರಿಸಿದ. "ಹುಡುಗಾ ಏನ್ ಮಾಡ್ತಾನ್ರಿ?" ನಾನು ಬಾಯಿ ತೆರೆಯುವುದರೊಳಗೆ ಗಂಗವ್ವ ಕೂಗಿ ಹೇಳಿದಳು: "ಊರ ಇಲಿ ಎಣಿಸ್ತಾನ್ರಿ. ತಮ್ಮ ಮನೀದೊಂದು ಎಣಿಸಾಕ ಎರಡು ದಿನಾ ಹಿಡೀತು!" ಆ ಮೇಲೆ ಪೂರ್ತಿ ಕತೆ ಹೇಳಿದಳು. ಲೆಕ್ಕ ತಪ್ಪಿತ್ತು, ಒಂದೂವರೆ ದಿನ; ಅದನ್ನು ರಾತ್ರಿ ದಿನಚರಿಯಲ್ಲಿ ತಿದ್ದಿಕೊಂಡೆ. ಅವ್ವ ನೆಲ ನೋಡುತ್ತಿದ್ದಳು. ಬದುವಿನ ಮೇಲಿನವರು ರುಮಾಲು ಬೀಳುವಂತೆ ನಕ್ಕು, "ತಡಾ ಆದ್ರೂ ಬರದಾನಲ್ಲ, ಸಾಕು" ಎಂದರು.

ಅವರ ಮಗಳೊಡನೆ ಮದುವೆಯಾಗಿ ಎರಡು ವರ್ಷವಾಯಿತು. ಮನೆಯಲ್ಲಿ ಯಾವ ಸಾಮಾನು ಕಾಣದಿದ್ದರೂ ನನ್ನ ಹೆಂಡತಿ ನನ್ನನ್ನು ಕೇಳುವುದಿಲ್ಲ. ನೇರವಾಗಿ ಗಂಗವ್ವನ ಬಾಗಿಲ ಮುಂದೆ ಹೋಗಿ ನೋಡುತ್ತಾಳೆ.