ಹಿಂಬದಿ ಟೈರಿನವರು ಶನಿವಾರದೊಳಗೆ ಜಾಗ ಖಾಲಿ ಮಾಡುವ ಕುರಿತು

ಇವರಿಗೆ,
ಶ್ರೀಮಾನ್ ಹಿಂಬದಿ ಟೈರ್ ಅವರು,
ಕೇರಾಫ್ ಕುಮಾರಿ ದೀಪ್ತಿಯ ಮೋಟಾರ್‌ಸೈಕಲ್,
ಮೆಟ್ಟಿಲ ಕೆಳಗೆ, ನೀರಿನ ಸಂಪಿನ ಪಕ್ಕ,
ಬಸವೇಶ್ವರನಗರ, ಬೆಂಗಳೂರು.

ಮಾನ್ಯರೇ,

ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್, ಮೊದಲಿಗೆ ತಮಗೂ, ತಮ್ಮ ಮುಂದೆ ಉರುಳುವ ಹಿರಿಯರಾದ ಮುಂಬದಿ ಟೈರ್ ಅವರಿಗೂ ನನ್ನ ನಮಸ್ಕಾರಗಳು. ತಮ್ಮೊಳಗಿನ ಗಾಳಿ ಭರ್ತಿಯಾಗಿದೆಯೆಂದೂ, ಮಾಗಡಿ ರಸ್ತೆಯ ಮೊಳೆಗಳು ತಮ್ಮನ್ನು ಬಾಧಿಸಿಲ್ಲವೆಂದೂ ನಂಬಿದ್ದೇನೆ. ಐ ಆಮ್ ಆಲ್ಸೋ ಕ್ವೈಟ್ ವೆಲ್, ಬಲ ಮೊಣಕೈ ಒಂದನ್ನು ಬಿಟ್ಟು. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ. ನನ್ನ ಪರಿಚಯ ತಮಗೆ ಬೇಕಿಲ್ಲ. ಪ್ರತಿ ಶನಿವಾರ ಸಂಜೆ ಕಾಂಪೌಂಡಿನ ಕಟ್ಟೆಯ ಮೇಲೆ ನಿಂತು, ಅಲ್ಲಿಂದ ತಮ್ಮ ನೆತ್ತಿಯ ಮೇಲಿರುವ ಅಂಗೈ ಅಗಲದ ಹಿಂದಿನ ಸೀಟಿಗೆ ಕಾಲು ಹಾಕಿ ಹತ್ತುವ ಸೇತುರಾಮ ನಾನೇ. ತಮ್ಮ ಯಜಮಾನಿ ದೀಪ್ತಿಯ ತಂದೆ. ನಮ್ಮಿಬ್ಬರ ನಡುವೆ ಒಂದು ಮಡ್‌ಗಾರ್ಡು, ಒಂದು ತೆಳ್ಳನೆಯ ಕುಶನ್ನು ಮಾತ್ರ ಇರುವುದರಿಂದ, ನಿಮ್ಮನ್ನು ನನ್ನಷ್ಟು ಹತ್ತಿರದಿಂದ ಬಲ್ಲವರು ಈ ಬಡಾವಣೆಯಲ್ಲಿ ಇನ್ನೊಬ್ಬರಿಲ್ಲ.

ಮಗಳ ಹತ್ತಿರ ಹೇಳುವುದನ್ನು ಬಿಟ್ಟು ಟೈರಿಗೆ ಬರೆಯುತ್ತಾನಲ್ಲ ಈ ಮುದುಕ ಎಂದು ತಾವು ನಗಬಹುದು. ಕಾರಣವಿದೆ. ನನ್ನ ಮನೆಯವಳು ಜಲಜಾ ತೀರಿಕೊಂಡ ಮರುವರ್ಷ ದೀಪ್ತಿ ಈ ಕೆಂಪು ಗಾಡಿಯನ್ನು ತಂದು ನಿಲ್ಲಿಸಿದಾಗ, ಕೆಂಗೇರಿಯ ಕಾಲೇಜಿನಲ್ಲಿ ಗಣಿತ ಪಾಠ ಹೇಳುವವಳಿಗೆ ರೇಸಿನವರ ಗಾಡಿ ಯಾಕೆ, ಬಗ್ಗಿಕೊಂಡು ಓಡಿಸಿದರೆ ಬೆನ್ನು ಏನಾಗಬೇಕು, ಸದ್ದು ಯಾಕೆ ಹೀಗೆ ಎಂದು ನಾನು ತಿಂಡಿಯಿಂದ ಊಟದವರೆಗೆ ಮಾತಾಡಿದೆನಂತೆ. ಆಗ ಅವಳು, "ಅಪ್ಪ, ಗಾಡಿ ವಿಷ್ಯ ಇನ್ನೊಂದ್ ಮಾತಾಡಿದ್ರೆ ನಿಮ್ಮನ್ನ ಹಿಂದೆ ಕೂರಿಸ್ಕೊಳಲ್ಲ, ಅಷ್ಟೇ. ಅಮ್ಮನ ಫೋಟೋ ಮುಂದೆ ಹೇಳಿ" ಎಂದಳು. ಹೇಳಿದೆ. ಇಲ್ಲಿಯವರೆಗೂ ಮಾತು ತಪ್ಪಿಲ್ಲ. ಆದರೆ ನಾನು ಮೂವತ್ತು ವರ್ಷ ಮೇಲಿನ ಪೋರ್ಷನ್ ಬಾಡಿಗೆಗೆ ಕೊಟ್ಟವನು. ಮನೆ ಬೇರೆ, ಮನೆಯಲ್ಲಿರುವವರು ಬೇರೆ ಎಂಬುದು ನನಗೆ ಗೊತ್ತು. ತಾವು ಬಿಚ್ಚಿ ತೆಗೆಯಬಹುದಾದವರು. ಆದ್ದರಿಂದ ತಾವು ಗಾಡಿಯಲ್ಲ, ಗಾಡಿಯ ಬಾಡಿಗೆದಾರರು. ಬಾಡಿಗೆದಾರರಿಗೆ ನೋಟಿಸು ಕೊಡುವುದಕ್ಕೆ ಫೋಟೋದ ಅಡ್ಡಿಯಿಲ್ಲವೆಂದು ತಿಳಿದು, ಬರುವ ಶನಿವಾರದೊಳಗೆ ತಾವು ಜಾಗ ಖಾಲಿ ಮಾಡಬೇಕೆಂದು ಐ ಬೆಗ್ ಟು ಸ್ಟೇಟ್.

ತಮ್ಮಲ್ಲಿ ಗುಣವಿಲ್ಲವೆಂದು ನಾನು ಹೇಳುತ್ತಿಲ್ಲ. ತಮ್ಮ ರೂಪವೇನು, ಮೈಕಟ್ಟೇನು! ಶ್ರಾವಣದಲ್ಲಿ ಹಳೆಯ ಟೈರು ಸವೆದು ಬೋಳಾಗಿ, ಹೊಸದನ್ನು ಹಾಕಿಸಲು ನಾವಿಬ್ಬರೂ ಮಾರೇನಹಳ್ಳಿಯ ವೆಂಕಟಗಿರಿಯವರ ಟೈರ್ ಅಂಗಡಿಗೆ ಹೋದಾಗ ಅವರು ನಮ್ಮ ಮುಂದೆ ಇಬ್ಬರನ್ನು ನಿಲ್ಲಿಸಿದರು. ಒಬ್ಬರು ಮೈತುಂಬ ಗೀರು, ಕಾಲುವೆ, ಕವಲುಕಾಲುವೆ ತೋಡಿಸಿಕೊಂಡಿದ್ದ ಸಾಧಾರಣ ರೂಪಿನವರು. ಇನ್ನೊಬ್ಬರು ತಾವು. ಅಲ್ಲೊಂದು ಇಲ್ಲೊಂದು ಗೆರೆ ಬಿಟ್ಟರೆ ನುಣ್ಣಗೆ, ಕಪ್ಪಗೆ, ಆಗ ತಾನೇ ಎಣ್ಣೆಸ್ನಾನ ಮುಗಿಸಿ ಬಂದ ಮದುಮಗನ ಹಾಗೆ ಕೂತಿದ್ದಿರಿ. "ಸಾರ್, ಇದು ಟ್ರ್ಯಾಕ್ ಮಾಲು, ಫಾರಿನ್ನಲ್ಲಿ ರೇಸ್ ಓಡ್ಸೋರು ಹಾಕೋದು. ಗೋಂದಿನ ಥರ ಅಂಟ್ಕೊಳತ್ತೆ" ಎಂದು ವೆಂಕಟಗಿರಿಯವರು ತಮ್ಮ ಬೆನ್ನು ತಟ್ಟಿದರು. ದೀಪ್ತಿ ಆ ಕಾಲುವೆಯವರನ್ನೇ ನೋಡುತ್ತ, "ಇದು ಮಳೇಲಿ ನೀರು ಹೊರಗಡೆ ತಳ್ಳತ್ತೆ ಅಲ್ವಾ?" ಎಂದು ಏನೋ ಕೇಳುತ್ತಿದ್ದಳು.

ಅಷ್ಟರಲ್ಲಿ ನಾನು ಇಬ್ಬರನ್ನೂ ಪರೀಕ್ಷಿಸಿದ್ದೆ. ಜಲಜಾ ನನಗೆ ಕಲಿಸಿದ ವಿದ್ಯೆ ಒಂದೇ: ವಿಜಯನಗರದ ಮಾರ್ಕೆಟ್ಟಿನಲ್ಲಿ ಬದನೆಕಾಯಿಯಾಗಲಿ ಹೀರೇಕಾಯಿಯಾಗಲಿ, ಹೆಬ್ಬೆಟ್ಟಿನಿಂದ ಮೆಲ್ಲಗೆ ಒತ್ತಿ ನೋಡಬೇಕು, ಮೃದುವಾಗಿದ್ದರೆ ಎಳೆಯದು, ಹೊಳೆಯುತ್ತಿದ್ದರೆ ತಾಜಾ, ಗೀರು ಬಿದ್ದಿದ್ದರೆ ಮುಟ್ಟಬಾರದು. ಆ ಪ್ರಕಾರ ಒತ್ತಿದೆ. ತಾವು ಒತ್ತಿದಷ್ಟೂ ಒಳಗೆ ಹೋದಿರಿ. ಅವರು ಬಲಿತ ಹೀರೇಕಾಯಿಯ ಹಾಗೆ ಗಟ್ಟಿಯಾಗಿ, ಮೈಯೆಲ್ಲ ಏಣು. "ಇದೇ ಇರ್ಲಿ ಕಣೇ, ಇದು ಎಳೇದು" ಎಂದೆ. ದೀಪ್ತಿ ಒಮ್ಮೆ ನನ್ನ ಹೆಬ್ಬೆಟ್ಟನ್ನು ನೋಡಿದಳು, ಒಮ್ಮೆ ತಮ್ಮನ್ನು ನೋಡಿದಳು. "ಸರಿ ಅಪ್ಪ, ಇದೇ ಹಾಕಿ" ಎಂದಳು. ಗಣಿತ ಓದಿದವಳು ಅಷ್ಟು ಬೇಗ ಯಾಕೆ ಒಪ್ಪಿದಳೋ ನನಗೆ ಈಗಲೂ ತಿಳಿದಿಲ್ಲ. ಅದೇನೇ ಇರಲಿ, ಐವತ್ತು ವರ್ಷ ಒಂದೇ ಒಂದು ಹುಳುಕು ಬದನೆಕಾಯಿಯನ್ನೂ ಮನೆಗೆ ತರದ ಹೆಬ್ಬೆಟ್ಟನ್ನು ತಾವು ಹಾಡಹಗಲೇ ವಂಚಿಸಿದಿರಿ ಎಂಬುದು ನನ್ನ ಮೊದಲನೆಯ ದೂರು.

ಎರಡನೆಯದು ವಿದ್ಯಾಭ್ಯಾಸಕ್ಕೆ ಸಂಬಂಧಿಸಿದ್ದು. ಪಿ.ಯು.ಸಿ.ಯಲ್ಲಿ ನಮ್ಮ ಭೌತಶಾಸ್ತ್ರದ ಮೇಷ್ಟ್ರು ಇಂಗ್ಲಿಷಿನಲ್ಲಿ ಬರೆಸಿದ ಎರಡು ವಾಕ್ಯ ಮಾತ್ರ ನನ್ನ ತಲೆಯಲ್ಲಿ ಉಳಿದಿವೆ. ಫ್ರಿಕ್ಷನ್ ಈಸ್ ಎ ನೆಸೆಸರಿ ಈವಿಲ್, ಎಂಬುದು ಒಂದು. ಫ್ರಿಕ್ಷನ್ ಡಸ್ ನಾಟ್ ಡಿಪೆಂಡ್ ಆನ್ ಏರಿಯಾ, ಎಂಬುದು ಇನ್ನೊಂದು. ಇದನ್ನು ಬರೆದವರು ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಬಂದಿರಲಿಕ್ಕಿಲ್ಲ. ರಾಜಾಜಿನಗರದ ಕಾಂಕ್ರೀಟಿನ ಮೇಲೆ ಒಂದು ಥರ, ನಾಗರಬಾವಿಯ ಅಗೆದು ಮುಚ್ಚಿದ ಮಣ್ಣಿನ ಮೇಲೆ ಒಂದು ಥರ, ಕೆಂಗೇರಿಯ ಹತ್ತಿರ ಮೆಟ್ರೋ ಕೆಳಗಿನ ಬಿಳಿ ಪಟ್ಟೆಯ ಮೇಲೆ ನೀರು ನಿಂತಾಗ ಇನ್ನೊಂದೇ ಥರ. ತಾವು ಮೈ ಬಿಸಿಯಾದ ಮೇಲಷ್ಟೇ ಹಿಡಿತ ತೋರುವ ಜಾತಿಯವರೆಂದು ಈಗ ವಿಚಾರಿಸಿ ತಿಳಿದುಕೊಂಡಿದ್ದೇನೆ. ಆದರೆ ಮಾನ್ಯರೇ, ಬಸವೇಶ್ವರನಗರದಿಂದ ಕೆಂಗೇರಿಯವರೆಗಿನ ಸಿಗ್ನಲ್‌ಗಳಲ್ಲಿ ಬಿಸಿಯಾಗುವುದು ನಮ್ಮ ತಲೆ ಮಾತ್ರ. ತಾವು ಹೊರಟಾಗ ಎಷ್ಟು ತಣ್ಣಗಿರುತ್ತೀರೋ ತಲುಪಿದಾಗಲೂ ಅಷ್ಟೇ ತಣ್ಣಗಿರುತ್ತೀರಿ. ಮಳೆಯಲ್ಲಂತೂ ಇನ್ನೂ ತಣ್ಣಗೆ. ಇಷ್ಟು ಶಾಂತಸ್ವಭಾವ ಸಾಧುಗಳಿಗೆ ಶೋಭಿಸುತ್ತದೆಯೇ ಹೊರತು ಟೈರಿಗಲ್ಲ.

ಈಗ ಮೊಣಕೈ ವಿಚಾರ. ಆಯುಧಪೂಜೆಯ ದಿನ ತಮ್ಮನ್ನು ತೊಳೆದು, ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಕೆಳಗೆ ನಿಂಬೆಹಣ್ಣು ಇಟ್ಟೆ. ತಾವು ಅದನ್ನು ಒಂದೇ ಏಟಿಗೆ ಅಪ್ಪಚ್ಚಿ ಮಾಡಿದಿರಿ. ನಾನು ಚಪ್ಪಾಳೆ ತಟ್ಟಿದೆ. ಹಾಗೆಯೇ ಒಂದು ಸುತ್ತು ಹೋಗಿಬರೋಣವೆಂದು ನಾನು ಕಟ್ಟೆಯಿಂದ ದೀಪ್ತಿಯ ಹಿಂದೆ ಹತ್ತಿದೆ. ಆ ಹೊತ್ತಿಗೆ ಪಕ್ಕದ ಮನೆಯ ಭೈರೇಶ್ ತಮ್ಮ ಕಾರಿನ ದೃಷ್ಟಿ ತೆಗೆಯುವುದಕ್ಕೆಂದು, ಕುಂಕುಮ ತುಂಬಿದ ಬೂದುಗುಂಬಳಕಾಯಿಯೊಂದನ್ನು ಕ್ರಾಸಿನ ನಡುಮಧ್ಯೆ ಒಡೆದು ಹೋಗಿದ್ದರು. ಮೇಲೆ ತುಂತುರು ಮಳೆ. ಮುಂಬದಿಯ ಹಿರಿಯರು ಹೇಗೋ ಪಾರಾದರು. ನಿಂಬೆಹಣ್ಣಿನ ಮುಂದೆ ಅಷ್ಟು ಪೌರುಷ ತೋರಿದ ತಾವು ಕುಂಬಳಕಾಯಿ ಎದುರಾದ ಕೂಡಲೇ ಕೈಕಾಲು ಬಿಟ್ಟು ಎಡಕ್ಕೆ ಹೊರಟುಬಿಟ್ಟಿರಿ. ನಾನು ಬಲಕ್ಕೆ. ನಡೆದು ಹೋಗುವಷ್ಟು ವೇಗದಲ್ಲಿದ್ದೆವಾದ್ದರಿಂದ ಮೊಣಕೈ ಚರ್ಮಕ್ಕೆ ಮುಗಿಯಿತು. ಭೈರೇಶ್ ಓಡಿ ಬಂದು ನನ್ನನ್ನು ಎತ್ತಿ ಕೂರಿಸಿ, "ಏನೂ ಆಗಿಲ್ಲ ಬಿಡಿ ಸಾರ್, ದೃಷ್ಟಿ ಎಲ್ಲಾ ಇದರಲ್ಲೇ ಹೋಯ್ತು" ಎಂದರು. ಅವರ ಕಾರಿನ ದೃಷ್ಟಿ ನನ್ನ ಮೊಣಕೈಯಲ್ಲಿ ಹೋದದ್ದಕ್ಕೆ ಅವರು ಕಳುಹಿಸಿದ ಕೋಸಂಬರಿ ಚೆನ್ನಾಗಿತ್ತು.

ದೀಪ್ತಿ ಮಾತ್ರ ನಗಲಿಲ್ಲ. "ಈ ಮಳೆ ನಿಲ್ಲೋವರೆಗೂ ನೀವು ಆಟೋ" ಎಂದಳು. ಹೀಗಾಗಿ ಶನಿವಾರದ ನಮ್ಮ ಸವಾರಿ, ನಾಗರಬಾವಿಯ ದರ್ಶಿನಿಯಲ್ಲಿ ಲಾ ಕಾಲೇಜಿನ ಹುಡುಗರ ಮಧ್ಯೆ ನಿಂತು ಕುಡಿಯುವ ಬೈಟೂ ಕಾಫಿ, "ತಾತಾ, ಹಯಾಬುಸಾನಾ?" ಎಂದು ಯಾವುದೋ ಜಪಾನಿನ ರೇಸು ಗಾಡಿಯ ಹೆಸರು ಹಿಡಿದು ಕೇಳುವವರಿಗೆ ನಾನು ಕೊಡುವ ಗಂಭೀರ ಮೌನ, ಎಲ್ಲವೂ ನಿಂತವು. ಆಟೋದಲ್ಲಿ ಕೂತು ಹೋಗಿ ಕುಡಿದರೆ ಅದು ಕಾಫಿ ಮಾತ್ರ.

ತಪ್ಪೆಲ್ಲ ಕುಂಬಳಕಾಯಿಯದು ಎಂದು ತಾವು ವಾದಿಸಬಹುದು. ನಾನೂ ಹಾಗೆಯೇ ನಂಬಿ ಸುಮ್ಮನಿದ್ದೆ. ಆದರೆ ಮೊನ್ನೆ ಸೋಮವಾರದ ಮಳೆಯಲ್ಲಿ ಕಾಲೇಜಿನಿಂದ ಬಂದವಳ ರೇನ್‌ಕೋಟಿನ ಎಡತೋಳು ಭುಜದಿಂದ ಮಣಿಕಟ್ಟಿನವರೆಗೆ ಕೆಸರಾಗಿತ್ತು. "ಯಾರೋ ಕಾರಿನವ್ನು ಹಾರಿಸ್ದ ಅಪ್ಪ" ಎಂದಳು. ನಾನೇ ಅದನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆದೆ. ಕಾರು ಹಾರಿಸಿದ ಕೆಸರು ಚುಕ್ಕಿಚುಕ್ಕಿಯಾಗಿರುತ್ತದೆ, ಮಾನ್ಯರೇ. ತೋಳಿನಲ್ಲಿ ಮೂರು ಕಡೆ ಬಟ್ಟೆ ಉಜ್ಜಿ ತೂತಾಗುವುದಿಲ್ಲ. ನಾನು ಏನೂ ಕೇಳಲಿಲ್ಲ. ಫೋಟೋ ಗೋಡೆಯ ಮೇಲೆಯೇ ಇತ್ತು. ಮಂಗಳವಾರ ಬೆಳಿಗ್ಗೆ ತಮ್ಮ ಮೇಲೆಯೇ ಹತ್ತಿ ಹೊರಟಳು, ಹೊರಗೆ ಮಳೆ ಶುರುವಾಗಿತ್ತು. ಅವಳು ಬರುವವರೆಗೂ ನಾನು ಗೇಟಿನ ಹತ್ತಿರ ಇಲ್ಲದ ಕೆಲಸ ಹುಡುಕುತ್ತಿದ್ದೆ.

ಆದ್ದರಿಂದ ತಮ್ಮಲ್ಲಿ ಕೆಲವು ಪ್ರಾರ್ಥನೆಗಳಿವೆ. ಸಾಧ್ಯವಾದರೆ ಇಂದೇ ಮೈಮೇಲೆ ನಾಲ್ಕಾರು ಕಾಲುವೆಗಳನ್ನು ಬೆಳೆಸಿಕೊಳ್ಳಿ. ಅದಾಗದಿದ್ದರೆ ಮೋಡ ಕಂಡ ಕೂಡಲೇ, ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಎಂದು ರಜಾ ಅರ್ಜಿ ಬರೆದು ಸಂಪಿನ ಪಕ್ಕವೇ ಮಲಗಿಬಿಡಿ. ಜ್ವರ ಬಂದು ಮೈ ಬಿಸಿಯಾದರೆ ಹಿಡಿತವೂ ಬಂದೀತು. ಅಥವಾ ಮಳೆಯೇ ಬಾರದ ಯಾವುದಾದರೂ ಮರುಭೂಮಿಗೆ ವರ್ಗ ಕೇಳಿ, ಶಿಫಾರಸು ಪತ್ರ ನಾನು ಕೊಡುತ್ತೇನೆ. ಇದಾವುದೂ ಆಗದಿದ್ದರೆ ದಯವಿಟ್ಟು ತಾವಾಗಿಯೇ ಒಂದು ಮೊಳೆ ಹುಡುಕಿಕೊಂಡು, ಗಾಡಿ ನಿಂತಿರುವಾಗ, ಮನೆಯ ಮುಂದೆಯೇ, ಮಗಳಿಗೆ ತೊಂದರೆಯಾಗದಂತೆ, ಮರ್ಯಾದೆಯಿಂದ ಗಾಳಿ ಬಿಟ್ಟುಬಿಡಿ. ಆಗ ನಾನೂ ಮಾತು ತಪ್ಪಿದಂತಾಗುವುದಿಲ್ಲ. ತಮ್ಮ ಜಾಗಕ್ಕೆ ಆ ಗೀರಿನ ಮೈಯ ಮಹನೀಯರು ಇನ್ನೂ ವೆಂಕಟಗಿರಿಯವರ ಅಂಗಡಿಯಲ್ಲೇ ಇದ್ದಾರೆ. ನಿನ್ನೆ ಹೋಗಿ ನೋಡಿಕೊಂಡು ಬಂದೆ. ಒತ್ತಲಿಲ್ಲ.

ತಮ್ಮ ಸಕಾರಾತ್ಮಕ ನಿರ್ಗಮನದ ನಿರೀಕ್ಷೆಯಲ್ಲಿ, ಥ್ಯಾಂಕಿಂಗ್ ಯೂ ಇನ್ ಆಂಟಿಸಿಪೇಷನ್,

ತಮ್ಮ ವಿಶ್ವಾಸಿ (ತಮ್ಮ ಮೇಲೆ ವಿಶ್ವಾಸವಿಲ್ಲದಿದ್ದರೂ),
ಸೇತುರಾಮ
ಹಿಂದಿನ ಸೀಟು

ಮರೆತ ಮಾತು: ಈ ಪತ್ರವನ್ನು ಊರಿಗೆಲ್ಲ ತಿಳಿಯಲೆಂದು ಬಡಾವಣೆಯ ಸಂಘದ ಫಲಕಕ್ಕೆ ಹಚ್ಚುವ ಮುಂಚೆ ನಾನು ಗೋಂದು ಹುಡುಕುತ್ತಿದ್ದಾಗ ದೀಪ್ತಿ ಇದನ್ನು ಮೇಜಿನ ಮೇಲಿಂದ ಎತ್ತಿಕೊಂಡು ಪೂರ್ತಿ ಓದಿದಳು. "ನಂಗ್ ಅವತ್ತೇ ಗೊತ್ತಿತ್ತು ಅಪ್ಪ, ಇದು ಮಳೆಗಾಗಲ್ಲ ಅಂತ" ಎಂದಳು. ಮತ್ಯಾಕೆ ಹಾಕಿಸಿದೆಯೇ ಎಂದು ಕೇಳಿದೆ. "ಅಮ್ಮ ಹೋದ್ಮೇಲೆ ನೀವು ಇದು ಬೇಕು ಅಂತ ಕೈಯಿಟ್ಟಿದ್ದು ಅದೊಂದೇ. ಹೆಂಗ್ ಬೇಡ ಅನ್ಲಿ?" ಎಂದು ರೇನ್‌ಕೋಟು ಮಡಿಸತೊಡಗಿದಳು. ಈಗ ಬೇಡ ಅನ್ನು ಎಂದೆ. "ಬೇಡ" ಎಂದಳು. ಆದ್ದರಿಂದ ಮೊಳೆಯ ಶ್ರಮ ತಮಗೆ ಬೇಕಿಲ್ಲ. ನಾಳೆ ಬೆಳಿಗ್ಗೆ ವೆಂಕಟಗಿರಿಯವರೇ ತಮ್ಮನ್ನು ಬಿಚ್ಚುತ್ತಾರೆ. ತಮ್ಮನ್ನು ಬೀದಿಗೆ ಹಾಕುವುದಿಲ್ಲ. ತಾರಸಿಯ ಮೇಲೆ ಮಲಗಿಸಿ, ಹೊಟ್ಟೆಗೆ ಮಣ್ಣು ತುಂಬಿ, ಬದನೆ ಸಸಿ ನೆಡುತ್ತೇನೆ. ಮಣ್ಣು ಸರಿಯಾಗಿ ತುಂಬುತ್ತೇನೆ, ಇಲ್ಲದಿದ್ದರೆ ನೀರು ನಿಂತು ಸೊಳ್ಳೆಯಾಗಿ ಡೆಂಗಿಯವರು ಬಂದು ನನಗೇ ನೋಟಿಸು ಕೊಟ್ಟಾರು. ಅಲ್ಲಿ ಎಷ್ಟು ಮಳೆ ಬಂದರೂ ತಾವು ಅಲುಗಾಡಬೇಕಿಲ್ಲ. ತಮ್ಮಲ್ಲಿ ಬಿಟ್ಟ ಮೊದಲ ಬದನೆಕಾಯಿಯನ್ನು ನನ್ನ ಹೆಬ್ಬೆಟ್ಟು ಧೈರ್ಯವಾಗಿ ಒತ್ತಿ ನೋಡುತ್ತದೆ. ಶನಿವಾರ ಸಂಜೆ ಅಲ್ಲಿಂದ ಕೆಳಗೆ ಬಗ್ಗಿ ನೋಡಿ: ಮಳೆ ಬರುತ್ತಿದ್ದರೂ, ಹೆಲ್ಮೆಟ್ ಹಾಕಿಕೊಂಡು ಕಟ್ಟೆಯ ಮೇಲೆ ನಿಂತಿರುವವನು ನಾನೇ.