ಸ್ವೆಟರಿಗೆ ಬಿದ್ದ ಏಳು ಓಟು

ನನ್ನವಳನ್ನು ಗೆಲ್ಲಿಸಿಯೇ ತೀರುತ್ತೇನೆ ಎಂದು ಆ ಭಾನುವಾರ ಭೀಷಣ ಶಪಥ ಮಾಡಿದೆ! ಉಣ್ಣೆ ಅಂಗಡಿಯವರು ಇಂಟರ್‌ನೆಟ್ಟಿನಲ್ಲಿ ಸ್ವೆಟರ್ ಸ್ಪರ್ಧೆ ಇಟ್ಟಿದ್ದರು. ಸ್ಪರ್ಧಿಗಳ ಹೆಸರಿಲ್ಲ, ಬರೀ ಫೋಟೋ ಮತ್ತು ನಂಬರು. ಗೆದ್ದ ಸ್ವೆಟರಿನ ಫೋಟೋ, ಹೆಣೆದವರ ಹೆಸರಿನ ಸಮೇತ, ವರ್ಷವಿಡೀ ಅಂಗಡಿಯ ಬಾಗಿಲಲ್ಲಿ! ಮೂರು ತಿಂಗಳು ಹೆಣೆದ ನನ್ನವಳ ಜೀವವೆಲ್ಲ ಆ ಬಾಗಿಲ ಮೇಲೇ ಇತ್ತು.

"ನಂದು ನಾಲ್ಕನೇ ನಂಬರು. ಆದ್ರೆ ಒಂದು ಮನೆಗೆ ಒಂದೇ ಓಟಂತೆ ಕಣ್ರೀ."

"ಅದೆಲ್ಲ ಅಮಾಯಕರಿಗೆ ಕಣೇ! ನೋಡು, ನನ್ನ ಫೋನಿನ ಇಂಟರ್‌ನೆಟ್ ವಿಳಾಸದ ಕೊನೆಗೆ ಎರಡು, ನಿನ್ನದಕ್ಕೆ ಮೂರು, ಟೀವಿಗೆ ಏಳು. ಅಂಗಡಿಯವನ ಪಾಲಿಗೆ ನಾವು ಒಂದು ಮನೆಯಲ್ಲ, ಇಡೀ ಬೀದಿ!"

"ಏನೂ ಬೇಡ. ಗೆದ್ರೆ ನ್ಯಾಯವಾಗಿ ಗೆಲ್ತೀನಿ."

ಅವಳು ಸ್ನಾನಕ್ಕೆ ಹೋದಳು, ನಾನು ಚುನಾವಣಾ ಕಣಕ್ಕಿಳಿದೆ! ನನ್ನ ಫೋನು, ಅವಳ ಫೋನು, ಮಗಳ ಫೋನು, ಲ್ಯಾಪ್‌ಟಾಪು, ಟ್ಯಾಬು, ಟೀವಿ. ಫೋಟೋ ನೋಡಲು ಪುರುಸೊತ್ತೆಲ್ಲಿ? ನಂಬರು ಒತ್ತಿದ್ದೇ ಒತ್ತಿದ್ದು. ಕೊನೆಗೆ ಅತ್ತೆಯ ಫೋನಿಗೂ ಕೈ ಹಾಕಿದೆ.

"ಏನು ಮಾಡ್ತಿದೀರಿ ಅಳಿಯಂದ್ರೇ?"

"ಧೂಳು ಒರೆಸ್ತಿದೀನಿ ಅತ್ತೆ!"

ಮರುದಿನ ಮಧ್ಯಾಹ್ನ ಅವಳಿಗೆ ಅಂಗಡಿಯಿಂದ ಈಮೇಲ್ ಪತ್ರ ಬಂತು. ಗಟ್ಟಿಯಾಗಿ ಓದಿದಳು: "ನೀವು ಫೋಟೋ ಕಳಿಸಿದ ಇಂಟರ್‌ನೆಟ್ ವಿಳಾಸದಿಂದಲೇ ಎಂಟು ಓಟು ಬಿದ್ದಿವೆ."

"ಶುದ್ಧ ಸುಳ್ಳು! ನಾನು ಹಾಕಿದ್ದು ಏಳೇ!" ಎಂದು ಗುಡುಗಿದೆ. ಗುಡುಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ತಕ್ಷಣ ತಮ್ಮನಿಗೆ ಫೋನು ಹಚ್ಚಿ, ಸ್ಪೀಕರಿಗಿಟ್ಟು, ನನ್ನ 'ಇಡೀ ಬೀದಿ'ಯ ಲೆಕ್ಕ ಹೇಳಿದಳು. ಮನೆಮನೆಗೆ ಇಂಟರ್‌ನೆಟ್ ಹಾಕಿಕೊಡುವುದೇ ಅವನ ಕೆಲಸ. ಬಿದ್ದು ಬಿದ್ದು ನಕ್ಕ.

"ಭಾವಾ, ಆ ಎರಡು, ಮೂರು, ಏಳು ಎಲ್ಲ ಮನೆಯೊಳಗಿನ ಲೆಕ್ಕ! ಹೊರಗೆ ಕಳಿಸೋವಾಗ ರೌಟರು ಅದನ್ನ ಅಳಿಸಿ ತನ್ನ ಒಂದೇ ವಿಳಾಸ ಬರೀತದೆ. ಉತ್ತರ ಬಂದಾಗ ಯಾರದು ಅಂತ ಪಟ್ಟಿ ನೋಡಿ ಹಂಚ್ತದೆ. ಹೊರಗಿನವರಿಗೆ ನೀವೂ ಒಂದೇ, ಟೀವೀನೂ ಒಂದೇ!"

ಅವಳು ಪತ್ರದ ಉಳಿದ ಭಾಗ ಓದಿದಳು: "ಮೊದಲು ಬಿದ್ದ ಒಂದು ಓಟನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಅದು ಒಂಬತ್ತನೇ ನಂಬರಿಗೆ ಬಿದ್ದಿದ್ದು. ಒಂದೇ ಓಟಿನ ಅಂತರದಲ್ಲಿ ಒಂಬತ್ತನೇ ನಂಬರು ಗೆದ್ದಿದೆ. ನಿಮ್ಮದು ಎರಡನೇ ಸ್ಥಾನ."

ಅವಳ ಕಣ್ಣು ತುಂಬಿತು.

"ಒಂಬತ್ತಕ್ಕೆ ಹಾಕಿದ್ದು ಯಾರು?"

"ಮೊನ್ನೆ... ನೀನು ನಂಬರು ಹೇಳೋಕೆ ಮುಂಚೆ... ಆ ನೀಲಿದೇ ನಿಂದು ಅಂದ್ಕೊಂಡು ನಾನೇ..."

"ನಂದು ಹಸಿರು!"

"ನಂಗೆ ಹೇಗೆ ಗೊತ್ತಾಗ್ಬೇಕು ಕಣೇ? ನೀನು ಹೆಣೆದಿದ್ದನ್ನ ನಂಗೆ ಒಂದಿನನಾದ್ರೂ ತೋರಿಸಿದೀಯಾ?"

ಅವಳು ಕಣ್ಣೊರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಒಂದು ವಾರದಿಂದ ಅದನ್ನೇ ಹಾಕ್ಕೊಂಡು ಓಡಾಡ್ತಿದೀರಲ್ರೀ!"